ಓಗೊಟ್ಟವರ ಮನೆಗೆ ತೇವ

ನಮ್ಮೂರಿನಲ್ಲಿ ಊಟಕ್ಕೆ ಕರೆದವರ ಮನೆಯ ಹಪ್ಪಳ ಗರಿಗರಿಯಾಗಿ ಮುರಿದರೆ ಅತಿಥಿಗಳು ಎಲೆಯಿಂದ ಕಣ್ಣೆತ್ತುವುದಿಲ್ಲ. ಹಪ್ಪಳ ಮೆತ್ತಗಿರಬೇಕು. ತೀರಾ ಒದ್ದೆ ಬಟ್ಟೆಯಂತಲ್ಲ. ಮುರಿಯಲು ಹೋದರೆ ಒಂದು ಕ್ಷಣ ಬಾಗಿ, ಯೋಚಿಸಿ, ಆಮೇಲೆ ಎರಡಾಗುವಷ್ಟು. ಹಾಗಿದ್ದರೆ ಆ ಮನೆಯವರು ಮಾನವಂತರು, ತಮ್ಮ ಪಾಲಿನ ತೇವವನ್ನು ತಾವೇ ಇಟ್ಟುಕೊಂಡವರು ಎಂದು ಅರ್ಥ. ಪಟ್ಟೆಂದು ಸದ್ದು ಮಾಡಿ ಪುಡಿಯಾಯಿತೋ, ಇವರ ತೇವ ಈಗ ಯಾರ ಮನೆಯ ಗೋಡೆಯಲ್ಲಿ ಕೂತಿದೆ ಎಂಬ ಪ್ರಶ್ನೆ ಸಾರಿನ ಹಿಂದೆಯೇ ಪಂಕ್ತಿಯುದ್ದಕ್ಕೂ ಹರಿದುಹೋಗುತ್ತದೆ. ಹೆಣ್ಣು ನೋಡಲು ಬಂದವರು ಇಂಥ ಒಂದು ಸದ್ದಿಗೆ ಕೈ ತೊಳೆದುಕೊಂಡು ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ. ಹುಡುಗಿ ಚೆನ್ನಾಗಿಯೇ ಇದ್ದಳು.

ಮಾಗಿ ಬಂತೆಂದರೆ ಕೆರೆಯ ಕಡೆಯಿಂದ ಮಂಜು ಇಳಿದು ನಮ್ಮ ಮನೆಗಳೊಳಗೆ ನೀರು ಕೂರುತ್ತದೆ. ಕಿಟಕಿಯ ಗಾಜಿನ ಮೇಲೆ, ಬೀರುವಿನ ಬೆನ್ನಿಗೆ, ಹಾಸಿಗೆಯ ಅಡಿಗೆ, ದೇವರ ಪಟದೊಳಕ್ಕೆ. ಬೇರೆ ಊರುಗಳಲ್ಲಿ ಕಿಟಕಿ ತೆರೆದಿಟ್ಟರೆ ಅದು ಹೊರಟುಹೋಗುತ್ತದಂತೆ. ನಮ್ಮಲ್ಲಿ ಒಮ್ಮೆ ಗೋಡೆಗೆ ಕೂತ ತೇವ ಹಾಗೆಲ್ಲ ಏಳುವುದಿಲ್ಲ. ಬೆಳಿಗ್ಗೆ ಕಿಟಕಿ ತೆರೆದು ಬೀದಿಗೆ ಕೇಳುವಂತೆ "ಬಿಡ್ತಾ ಇದೀವಿ ಕಣ್ರೀ!" ಎಂದು ಕೂಗಬೇಕು. ಇನ್ನೊಂದು ಮನೆಯವರು ಯಾರಾದರೂ "ಬರ್ಲಿ ಬಿಡಿ!" ಎಂದು ಓಗೊಡಬೇಕು. ಓಗೊಟ್ಟವರ ಮನೆಗೆ ಅದು ಹೋಗುತ್ತದೆ. ಇಬ್ಬರು ಓಗೊಟ್ಟರೆ ಅರ್ಧರ್ಧ, ಬೀದಿಯೆಲ್ಲ ಓಗೊಟ್ಟರೆ ಬೀದಿಗೆಲ್ಲ ಹಂಚಿಕೆ. ಯಾರೂ ಓಗೊಡದಿದ್ದರೆ ಎಲ್ಲಿತ್ತೋ ಅಲ್ಲೇ. ಕೂಗಿದವರಾಗಲಿ ಓಗೊಟ್ಟವರಾಗಲಿ ಆಗ ಮನೆಯಲ್ಲೇ ಇರಬೇಕೆಂದೂ ಇಲ್ಲ. ನನ್ನ ಹೆಂಡತಿ ಸರ್ವಮಂಗಳ ಒಮ್ಮೆ ಹಿಟ್ಟಿನ ಗಿರಣಿಯ ಸಾಲಿನಲ್ಲಿ ನಿಂತು, ಯಾರದೋ ಕೂಗಿಗೆ ಮಾತಿನ ನಡುವೆ "ಬರ್ಲಿ ಬಿಡಿ" ಎಂದು ಬಂದಳು. ಮನೆಗೆ ಬಂದು ನೋಡಿದರೆ ನನ್ನ ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲು ಊದಿಕೊಂಡಿದ್ದವು. ಚೈತ್ರದ ಬಿಸಿಲು ಬಂದಾಗ ಮಾತ್ರ ಅದು ಯಾರನ್ನೂ ಕೇಳದೆ ಊರು ಬಿಡುತ್ತದೆ.

ಇದಕ್ಕೊಂದು ಮರ್ಯಾದೆ ಇತ್ತು. ಮೊದಲು ನಿಮ್ಮ ಮನೆಯಲ್ಲಿ ತೇವ ಹುಟ್ಟುವುದನ್ನೇ ನೀವು ತಡೆಯಬೇಕು. ಅನ್ನದ ಪಾತ್ರೆಗೆ ತಟ್ಟೆ ಮುಚ್ಚಬೇಕು. ಸ್ನಾನ ಮುಗಿಸಿದವರು ಬಚ್ಚಲಿನ ಕಿಟಕಿ ತೆರೆದು, ಬಾಗಿಲು ಎಳೆದುಕೊಂಡು ಬರಬೇಕು. ಒಗೆದ ಬಟ್ಟೆಯನ್ನು ಎಷ್ಟೇ ಚಳಿಯಿದ್ದರೂ ತಾರಸಿಗೆ ಒಯ್ಯಬೇಕು. ಮಂಚವನ್ನು ಗೋಡೆಯಿಂದ ಗೇಣು ದೂರ ಎಳೆಯಬೇಕು, ಗವಾಕ್ಷಿಗೆ ಚಿಂದಿ ತುರುಕಬಾರದು. ಇಷ್ಟೆಲ್ಲ ಮಾಡಿದ ಮೇಲೂ ಉಳಿದದ್ದನ್ನು ಮಾತ್ರ ಬೀದಿಗೆ ಕೂಗುವುದು. ಇವತ್ತು ಕೂಗಿದವನು ನಾಳೆ ಓಗೊಡುವುದು. ಬಾಣಂತಿಯೋ ಉಬ್ಬಸದವರೋ ಇರುವ ಮನೆಯವರು ಕೂಗಿದರೆ ಬೀದಿಗೆ ಬೀದಿಯೇ ಓಗೊಡುವುದು. ನಮ್ಮೂರಿನ ಕೂಸುಗಳಿಗೆ ಅಮ್ಮ, ಅಪ್ಪ ಆದ ಮೇಲೆ ಬರುವ ಮಾತೇ "ಬರ್ಲಿ ಬಿಡಿ". ನಿದ್ದೆಗಣ್ಣಿನಲ್ಲಿ ಕೂಗು ಕೇಳಿದರೂ ಬಾಯಿ ತಾನಾಗಿ ಓಗೊಡುತ್ತದೆ. ತಲೆಗೆ ತಿಳಿಯುವುದು ಆಮೇಲೆ.

ಇದನ್ನೆಲ್ಲ ಕೆಡಿಸಿದವನು ನನ್ನ ಶಿಷ್ಯ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನಿಗೆ ಊರಿನ ಪ್ರತಿಯೊಬ್ಬ ಕಿಡಿಗೇಡಿಯೂ ಶಿಷ್ಯನೇ ಆಗಿರುತ್ತಾನೆ, ಅದಿರಲಿ. ಚಂದ್ರಮೌಳಿ ಬಣ್ಣದ ಅಂಗಡಿ ಇಟ್ಟ, ಆಮೇಲೆ ಗಾಜಿನ ಅಂಗಡಿ ಇಟ್ಟ, ಆಮೇಲೆ ಗಾಳಿ ನುಸುಳದ ಕಿಟಕಿಗಳನ್ನು ತರಿಸಿದ. ಮೇಲಿನ ಬಡಾವಣೆ ಎದ್ದದ್ದು ಆ ಕಿಟಕಿಗಳ ಸುತ್ತ. ಅಲ್ಲಿನ ಮನೆಗಳಿಗೆ ಗವಾಕ್ಷಿಯಿಲ್ಲ. ಗೋಡೆ ನೀರು ಕುಡಿಯದ ಹಾಗೆ ಮೂರು ಪದರ ಬಣ್ಣ. ಬಟ್ಟೆ ಒಣಗುವುದು ನಡುಮನೆಯ ಸ್ಟ್ಯಾಂಡಿನ ಮೇಲೆ, ಏಕೆಂದರೆ ತಾರಸಿಯಲ್ಲಿ ಹಾಕಿದರೆ ಧೂಳಂತೆ. ಬಿಸಿನೀರು ಗಂಟೆಗಟ್ಟಲೆ, ಕುಕ್ಕರಿನ ಹಬೆ ಸೀದಾ ಛಾವಣಿಗೆ. ಬೆಳಗಾಗುವುದರೊಳಗೆ ಗಾಜಿನ ಮೇಲೆ ಹೆಸರು ಬರೆಯುವಷ್ಟು ನೀರು. ಆಗ ಒಂದು ರೆಕ್ಕೆ ತೆರೆದು ಕೂಗುವುದು, ಯಾರೋ ಓಗೊಟ್ಟ ಕೂಡಲೇ ಮುಚ್ಚುವುದು. ಮುಚ್ಚಿದ ಮೇಲೆ ಬೇರೆಯವರ ಕೂಗು ಒಳಗೆ ಕೇಳಿಸುವುದಿಲ್ಲ. ಅಕಸ್ಮಾತ್ ಕೇಳಿಸಿದರೂ ಬಾಯಿ ತಪ್ಪಿ ಓಗೊಡದಿರಲಿ ಎಂದು ಅವರು ಸರಿಯಾಗಿ ಆ ಹೊತ್ತಿಗೆ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು. ಇಡೀ ಬಡಾವಣೆ ಒಟ್ಟಿಗೆ ಹಲ್ಲುಜ್ಜುವುದನ್ನು ನೋಡಿ ಹೊಸಬರು ಎಂಥ ಶಿಸ್ತು ಎಂದುಕೊಳ್ಳುತ್ತಾರೆ.

ಒಬ್ಬೊಬ್ಬರೇ ಕೂಗುವುದು ಗೌರವಕ್ಕೆ ಕಡಿಮೆ ಎನಿಸಿತೇನೋ, ಒಂದು ಸಂಘ ಕಟ್ಟಿದರು. ಶುಷ್ಕಗೃಹ ನಿವಾಸಿಗಳ ಸಂಘ. ಚಂದ್ರಮೌಳಿ ಅಧ್ಯಕ್ಷ. ಸಂಘಕ್ಕೊಂದು ಭವನ ಎಬ್ಬಿಸಿ, ಅದರ ನೆತ್ತಿಯ ಮೇಲೆ ಒಂದು ಹಾರನ್ ಕಟ್ಟಿ, ಹಾರನ್ನಿನ ಬಾಯನ್ನು ಕೆಳಗಿನ ನಮ್ಮ ಓಣಿಯ ಕಡೆಗೆ ತಿರುಗಿಸಿದರು. ಆಮೇಲಿಂದ ಬಡಾವಣೆಯ ಪರವಾಗಿ ಒಬ್ಬನೇ ಕೂಗುತ್ತಾನೆ: "ಸಂಘದ ವತಿಯಿಂದ ಬಿಡ್ತಾ ಇದೀವಿ ಕಣ್ರೀ!"

ಆ ಕೂಗಿಗೆ ಓಗೊಡುತ್ತಿದ್ದವರು ನಮ್ಮ ಪಕ್ಕದ ಮನೆಯ ಚೆನ್ನಾಜಮ್ಮ.

ಚೆನ್ನಾಜಮ್ಮನವರನ್ನು ಸಾಧ್ವಿ ಎಂದು ಬರೆದುಬಿಟ್ಟರೆ ನನ್ನ ಕೆಲಸ ಸುಲಭ. ಆದರೆ ಅವರು ಸಾಧ್ವಿಯಲ್ಲ. ತರಕಾರಿಯವನ ಜೊತೆ ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಅರ್ಧ ಬೀದಿ ಏಳುವಂತೆ ಜಗಳ ಆಡುತ್ತಾರೆ. ಅವರಿಗಿರುವುದು ಒಂದು ಜಂಬ. ತಮ್ಮ ಜೀವಮಾನದಲ್ಲಿ ಒಂದು ಕೂಗಿಗೂ ಓಗೊಡದೆ ಬಿಟ್ಟದ್ದಿಲ್ಲ, ತಾವಾಗಿ ಒಂದು ಸಲವೂ ಕೂಗಿದ್ದಿಲ್ಲ ಎಂಬ ಜಂಬ. ಉಳಿದವರು ಬಾಯಿ ತೆರೆಯುವುದರೊಳಗೆ ಅವರ ಧ್ವನಿ ಬೀದಿಯಲ್ಲಿರುತ್ತಿತ್ತು. ಮೊದಮೊದಲು ನಾವೂ ಜೊತೆಗೆ ಓಗೊಡುತ್ತಿದ್ದೆವು. ಬರಬರುತ್ತ, ಹೇಗೂ ಚೆನ್ನಾಜಮ್ಮ ಇದ್ದಾರಲ್ಲ ಎಂದು ಓಣಿಯಲ್ಲೂ ಹಲ್ಲುಜ್ಜುವವರು ಹೆಚ್ಚಾದರು. ಈ ಮಾತು ಬರೆಯುವಾಗ ನಮ್ಮ ಮೇಲೇ ನನಗೆ ಬರುವ ಸಿಟ್ಟು ಚಂದ್ರಮೌಳಿಯ ಮೇಲೆ ಬರುವುದಕ್ಕಿಂತ ಹೆಚ್ಚು.

ಅವರ ಗಂಡ ಪರ್ವತಯ್ಯ. ಊರಿಗೆಲ್ಲ ಮೈಕ್ ಪರ್ವತಯ್ಯ. ಆಟೋದ ಮೇಲೆ ಹಾರನ್ ಕಟ್ಟಿಕೊಂಡು, ಟೆಂಟಿಗೆ ಬಂದ ಹೊಸ ಚಿತ್ರ, ನಲ್ಲಿಯಲ್ಲಿ ಬಾರದ ನೀರು, ಕಳೆದುಹೋದ ಎಮ್ಮೆ, ತೀರಿಕೊಂಡ ಹಿರಿಯರು, ಎಲ್ಲವನ್ನೂ ಒಂದೇ ಗಾಂಭೀರ್ಯದಲ್ಲಿ ಸಾರುತ್ತಿದ್ದವರು. ಕಾಮಾ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂಬುದನ್ನು ನಾನು ಮಕ್ಕಳಿಗೆ ಪಾಠ ಮಾಡಿ ಕಲಿಸಿದ್ದಕ್ಕಿಂತ ಅವರು ಬೀದಿಯಲ್ಲಿ ಕಲಿಸಿದ್ದು ಜಾಸ್ತಿ. ಉಬ್ಬಸ ಹಿಡಿದ ಮೇಲೆ ಆ ಸಾಮಾನನ್ನೆಲ್ಲ ಸಂಘಕ್ಕೆ ಕೊಟ್ಟರು. ಭವನದ ನೆತ್ತಿಯ ಮೇಲಿದ್ದದ್ದು ಅವರದೇ ಹಾರನ್. ಬೆಳಗಾದರೆ ಅವರ ಹಾರನ್ನೇ ಅವರ ಮನೆಗೆ ತೇವ ಕಳಿಸುತ್ತಿತ್ತು, ಅವರ ಹೆಂಡತಿಯೇ ಬರಮಾಡಿಕೊಳ್ಳುತ್ತಿದ್ದರು.

ಆ ಮಾಗಿಯಲ್ಲಿ ನಾನು ಹೋಗಿ ನೋಡಿದಾಗ ಅವರ ಗೋಡೆ ಆಳೆತ್ತರಕ್ಕೆ ಕಪ್ಪಾಗಿತ್ತು. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತಿತ್ತು. ಪರ್ವತಯ್ಯ ಕುರ್ಚಿಯ ಮೇಲೆ ಮುಂದಕ್ಕೆ ಬಾಗಿ, ಮೊಣಕಾಲಿಗೆ ಕೈಯೂರಿ ಕೂತಿದ್ದರು. ಮಲಗಿದರೆ ಉಸಿರು ಸಿಕ್ಕುವುದಿಲ್ಲ. ಚೆನ್ನಾಜಮ್ಮ ಗೋಡೆ ಒರೆಸಿ ಬಟ್ಟೆಯನ್ನು ಹಿತ್ತಿಲಿಗೆ ಒಯ್ದು ಹಿಂಡುತ್ತಿದ್ದರು; ಬಂದು ಮತ್ತೆ ಒರೆಸುತ್ತಿದ್ದರು.

"ಡಾಕ್ಟರ್ ಏನಂದ್ರು?" ಎಂದೆ.

"ಏನಂತಾರೆ. ಒಣಗಿದ ಕೋಣೇಲಿ ಮಲಗಿಸಿ ಅಂದ್ರು. ಈ ಗೋಡೆ ಪಕ್ಕ ಇಟ್ಕೊಂಡ್ರೆ ಚೈತ್ರ ಕಾಣೋದು ಕಷ್ಟ ಅಂದ್ರು. ಇದ್ದಲು ಇಟ್ಟಿದೀನಿ ಮೇಷ್ಟ್ರೇ, ಬಟ್ಟಲಲ್ಲಿ ಉಪ್ಪು ಇಟ್ಟಿದೀನಿ. ಬೆಳಗಾಗೋದ್ರೊಳಗೆ ಉಪ್ಪೇ ನೀರಾಗಿರುತ್ತೆ."

"ಉಪ್ಪು ಇಡೋದಲ್ಲ ಚೆನ್ನಾಜಮ್ಮ, ಒಂದು ಸಲ ಕೂಗಿ. ಉಬ್ಬಸದ ಮನೆ. ನೀವು ಕೂಗಿದ್ರೆ ನಾವೆಲ್ಲ ತಗೊಳ್ತೀವಿ."

"ಇಷ್ಟು ವರ್ಷ ಕೂಗ್ದೋಳು ಅಲ್ಲ. ಈಗ ನಾಲಿಗೆ ಬರುತ್ಯೇ?"

"ಹೋಗ್ಲಿ, ಓಗೊಡೋದನ್ನಾದ್ರೂ ನಿಲ್ಸಿ."

ಅವರು ಬಟ್ಟೆ ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. "ಚೆನ್ನಾಜಿ ಓಗೊಡಲಿಲ್ಲ ಅಂತ ಇವತ್ತಿನವರೆಗೆ ಒಬ್ರು ಅಂದಿದಾರಾ? ನೀವೇ ಹೇಳಿ. ಕರೆದವರಿಗೆ ಬಾಯಿ ಮುಚ್ಕೊಂಡು ಕೂತ್ಕೊಳ್ಳೋಕೆ ನಾನೇನು ಮೇಲಿನ ಬಡಾವಣೆಯೋಳಾ?"

ಪರ್ವತಯ್ಯ ಏನೋ ಹೇಳಲು ಕೈ ಎತ್ತಿದರು. "ಮೇಷ್ಟ್ರೇ..." ಎಂದರು, ಉಸಿರು ಎಳೆದುಕೊಂಡರು. "ಇವಳಿಗೆ..." ಎಂದರು, ಮತ್ತೆ ಎಳೆದುಕೊಂಡರು. ಮೂರನೆಯ ಪದ ಬರಲಿಲ್ಲ. ಕೈಯನ್ನು ಹಾಗೇ ಗಾಳಿಯಲ್ಲಿ ತಿರುಗಿಸಿ ಕೆಳಗಿಟ್ಟರು. ನಮ್ಮ ಮನೆಗೆ ಬಂದು ಮಲಗಿ ಎಂದು ಸರ್ವಮಂಗಳ ಎಷ್ಟು ಕರೆದರೂ, ಗಂಡನನ್ನು ಬೇರೆಯವರ ಮನೆಗೆ ಕಳಿಸಿದಳು ಎನ್ನಿಸಿಕೊಳ್ಳಲು ಚೆನ್ನಾಜಮ್ಮ ಒಪ್ಪಲಿಲ್ಲ. ಪರ್ವತಯ್ಯನವರ ಉಬ್ಬಸ ನಡುಗೋಡೆ ದಾಟಿ ನನಗೆ ಕೇಳಿಸುತ್ತಿತ್ತು. ಒದ್ದೆ ಬಾಗಿಲನ್ನು ಯಾರೋ ತೆರೆದು ಮುಚ್ಚಿ ಮಾಡಿದ ಹಾಗೆ.

ನಾನು ಚಂದ್ರಮೌಳಿಯ ಮನೆಗೆ ಹೋದೆ. ಜಗಳ ಆಡಲೆಂದೇ ಹೋದದ್ದು. ದಾರಿಯುದ್ದಕ್ಕೂ ಒಳ್ಳೊಳ್ಳೆಯ ವಾಕ್ಯಗಳು ಬಂದಿದ್ದವು. ಅವನು ಬಾಗಿಲಿಗೇ ಬಂದು, ಕಾಲಿಗೆ ಬಿದ್ದು, ಒಳಗೆ ಕರೆದು ಕೂರಿಸಿ, ಕಾಫಿಯ ಜೊತೆಗೆ ಒಂದು ತಟ್ಟೆ ಹಪ್ಪಳ ತರಿಸಿದ. ನನ್ನ ಎದುರಿಗೇ ಒಂದನ್ನು ಮುರಿದ. ಬಂದೂಕು ಹಾರಿದ ಹಾಗೆ ಸದ್ದಾಯಿತು. ಅವನಿಗೆ ನಾಚಿಕೆಯಿರಲಿ, ಹೆಮ್ಮೆ!

"ಚಂದ್ರಮೌಳಿ, ಆ ಮನುಷ್ಯ ಸಾಯ್ತಾ ಇದಾನೆ ಕಣೋ."

"ಗೊತ್ತು ಸಾರ್. ಬಹಳ ಬೇಜಾರಿನ ವಿಷಯ. ಅದಕ್ಕೇ ನಾವು ಸಂಘದಲ್ಲಿ ಒಂದು ತೀರ್ಮಾನ ತಗೊಂಡಿದೀವಿ."

ನನ್ನ ಸಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿತು. ಹಾರನ್ ಇಳಿಸುತ್ತಾರೇನೋ ಎಂದುಕೊಂಡೆ.

"ಚೆನ್ನಾಜಮ್ಮನವರಿಗೆ ಸಾರ್ವಜನಿಕ ಸನ್ಮಾನ ಮಾಡ್ತಾ ಇದೀವಿ ಸಾರ್. ಸಹನಾಶಿರೋಮಣಿ ಅಂತ ಬಿರುದು. ದಂಪತಿಗಳನ್ನ ಒಟ್ಟಿಗೆ ಕೂರಿಸಿ ಮಾಡೋಣ ಅಂತ. ಪೇಟ, ಶಾಲು, ಗಂಧದ ಹಾರ, ಹಿತ್ತಾಳೆ ತಟ್ಟೆ. ಬಿನ್ನವತ್ತಳೆ ತಾವೇ ಬರೀಬೇಕು. ತಮ್ಮಂಥ ಕನ್ನಡ ಯಾರಿಗೆ ಬರುತ್ತೆ?"

"ಸನ್ಮಾನ ಯಾತಕ್ಕೆ? ನಿಮ್ಮ ಮನೆಗಳಲ್ಲಿ ಪಾತ್ರೆಗೆ ಮುಚ್ಚಳ ಹಾಕಿ. ಬಟ್ಟೆ ಹೊರಗೆ ಒಣಗಿಸಿ. ದಿವಸಕ್ಕೊಂದು ಮನೆಯವರು ಓಗೊಡಿ. ಅಷ್ಟು ಸಾಕು."

ಅವನು ನಕ್ಕ. ತರಗತಿಯಲ್ಲಿ ಉತ್ತರ ಬಾರದಿದ್ದಾಗಲೂ ಹೀಗೆಯೇ ನಗುತ್ತಿದ್ದ. "ಸಾರ್, ಅದು ಹಳೇ ಕಾಲದ ಕ್ರಮ. ಈಗ ಒಬ್ಬೊಬ್ಬರಿಗೆ ಒಂದೊಂದು ಸಾಮರ್ಥ್ಯ ಇರುತ್ತೆ. ಅಮ್ಮನವರಿಗೆ ಸಹಿಸೋ ಸಾಮರ್ಥ್ಯ ಇದೆ. ನಮಗಿಲ್ಲ. ಇಲ್ಲ ಅಂತ ಒಪ್ಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಸಾರ್."

ನಾನು ಏಕೆ ಒಪ್ಪಿದೆನೆಂದರೆ, ಬೇರೆ ಯಾರಾದರೂ ಬರೆದರೆ ಸತ್ಯದ ಒಂದು ವಾಕ್ಯವೂ ಅದರೊಳಗೆ ಹೋಗುವುದಿಲ್ಲ ಎಂದು. ಬರೆದುಕೊಟ್ಟೆ. "ಪತಿಯ ಉಬ್ಬಸವನ್ನೂ ಲೆಕ್ಕಿಸದೆ ಊರಿನ ತೇವವನ್ನೆಲ್ಲ ತಮ್ಮ ಎರಡು ಕೋಣೆಗಳಲ್ಲಿ ತುಂಬಿಕೊಂಡವರೇ" ಎಂಬ ಸಾಲು ನಡುವೆ ಇತ್ತು. ಮಾರನೆಯ ದಿನ ಚಂದ್ರಮೌಳಿ ಅದನ್ನು ಹಿಡಿದುಕೊಂಡು ಬಂದ. "ಅದ್ಭುತವಾಗಿದೆ ಸಾರ್. ಆದ್ರೆ ಶುಭ ಸಮಾರಂಭ. ಉಬ್ಬಸ ಅನ್ನೋ ಪದ ಬೇಡ. ಎರಡು ಕೋಣೆ ಅನ್ನೋದೂ ಬೇಡ, ಅವಮಾನ ಆಗುತ್ತೆ ಅವರಿಗೆ. ವಿಶಾಲ ಹೃದಯದಲ್ಲಿ ತುಂಬಿಕೊಂಡವರೇ ಅಂತ ಮಾಡ್ಬಿಟ್ಟಿದೀನಿ." ಅಚ್ಚೂ ಆಗಿತ್ತು.

"ಸಭೇಲಿ ಇದನ್ನ ನೀವು ಓದೋಕೆ ಹೋಗಬೇಡಿ, ಹೊಟ್ಟೆ ಉರಿಯುತ್ತೆ" ಎಂದಳು ಸರ್ವಮಂಗಳ.

"ಹೋಗದಿದ್ರೆ ಉರಿಯಲ್ವಾ?"

"ಉರಿಯುತ್ತೆ. ಆದ್ರೆ ಮನೇಲಿ ಉರಿದ್ರೆ ಗೋಡೆಯಾದ್ರೂ ಒಣಗುತ್ತೆ."

ಭಾನುವಾರ ಬೆಳಿಗ್ಗೆ ಚಂದ್ರಮೌಳಿಯ ಕಾರು ಓಣಿಗೆ ಬಂತು. ಚೆನ್ನಾಜಮ್ಮ ಪೆಟ್ಟಿಗೆಯ ತಳದಿಂದ ತೆಗೆದ ರೇಷ್ಮೆ ಸೀರೆ ಉಟ್ಟಿದ್ದರು. ಮಡಿಕೆಗಳಲ್ಲಿ ಬೂಷ್ಟಿನ ಕಲೆ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಲೆಯೆತ್ತಿ ಕಾರು ಹತ್ತಿದರು. ಸಂತೋಷವಾಗಿತ್ತು ಅವರಿಗೆ, ಸುಳ್ಳೇಕೆ ಹೇಳಲಿ. ಪರ್ವತಯ್ಯನವರನ್ನು ಇಬ್ಬರು ಹಿಡಿದು ಕೂರಿಸಿದರು. ಅವರ ಉಸಿರಿನ ಸದ್ದು ಕಾರಿನ ಸದ್ದನ್ನು ಮೀರಿತ್ತು.

ಭವನದೊಳಗೆ ಕಾಲಿಟ್ಟರೆ ಮೂಗು ಒಣಗುತ್ತದೆ. ನಾಲ್ಕೂ ಕಡೆ ಗಾಜು, ಅದರ ಹಿಂದೆ ಇನ್ನೊಂದು ಗಾಜು. ಪರದೆಗಳು ನಿಲ್ಲಿಸಿದರೆ ನಿಲ್ಲುವಷ್ಟು ಗರಿ. ವೇದಿಕೆಯ ಮೇಲೆ ಸಾಲು ಕುರ್ಚಿಗಳು, ನಡುವೆ ದಂಪತಿಗಳು, ಪಕ್ಕದಲ್ಲಿ ಒಂದು ಮೈಕ್ ಹಿಡಿದ ಚಂದ್ರಮೌಳಿ. ಬಡಾವಣೆಯವರು ಮುಂದಿನ ಸಾಲುಗಳಲ್ಲಿ, ನಮ್ಮ ಓಣಿಯವರು ಹಿಂದೆ. ಹಿಡಿಸಲಾರದಷ್ಟು ಜನ ಬಂದರೆ ಹೊರಗಿನವರಿಗೂ ಕೇಳಲಿ ಎಂದು ನೆತ್ತಿಯ ಹಾರನ್ನಿಗೂ ಸಂಪರ್ಕ ಕೊಟ್ಟಿದ್ದರು. ಭಾಷಣಗಳು ಆರಂಭವಾದವು. ಮೊದಲನೆಯವರು ಭೂಮಿತಾಯಿಯಿಂದ ಶುರುಮಾಡಿದರು. ಎರಡನೆಯವರು ಮೊದಲನೆಯವರು ಹೇಳಿದ್ದನ್ನೇ ಹೇಳುವುದಿಲ್ಲ ಎಂದು ಹೇಳಿ ಅದನ್ನೇ ಹೇಳಿದರು. ಚೆನ್ನಾಜಮ್ಮನ ತಲೆಯ ಮೇಲಿನ ಪೇಟ ನಿಧಾನವಾಗಿ ಕಿವಿಯ ಮೇಲೆ ಇಳಿಯುತ್ತಿತ್ತು, ಅವರು ಕತ್ತು ಅಲುಗಿಸದೆ ಕೂತಿದ್ದರು.

ಉದ್ದುದ್ದ ಭಾಷಣಗಳಿಗೆ ನಾನು ಕೃತಜ್ಞನಾದದ್ದು ಅದೊಂದೇ ಸಲ. ಎಷ್ಟು ಹೊತ್ತಾಗಿತ್ತೋ, ಏನೋ ಒಂದು ಕೊರತೆಯಾಗಿದೆ ಎನಿಸಿತು. ಸಭೆಯಲ್ಲಿ ಇದ್ದ ಸದ್ದೊಂದು ಈಗಿಲ್ಲ. ನೋಡಿದರೆ ಪರ್ವತಯ್ಯ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದರು. ಭುಜಗಳು ಕೆಳಗಿಳಿದಿದ್ದವು. ಬಾಯಿ ಮುಚ್ಚಿತ್ತು. ಮೂಗಿನಲ್ಲಿ ಉಸಿರಾಡುತ್ತಿದ್ದರು.

ಬಿನ್ನವತ್ತಳೆ ಓದಿದೆ. ವಿಶಾಲ ಹೃದಯ ಬಂದಾಗ ಚಪ್ಪಾಳೆ ಬಂತು. ಚಂದ್ರಮೌಳಿ ಶಾಲು ಹೊದಿಸಿ, ತಟ್ಟೆ ಕೊಟ್ಟು, "ಅಮ್ಮ, ಎರಡು ಮಾತು ಆಡಬೇಕು" ಎಂದು ಮೈಕ್ ಚಾಚಿದ. ಚೆನ್ನಾಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅಯ್ಯೋ, ನನಗೇನು ಬರುತ್ತೆ. ಮೈಕಿನೋರು ಇವರು, ಇವರಿಗೇ ಕೊಡಿ" ಎಂದು ಗಂಡನ ಕಡೆ ತಳ್ಳಿದರು. ಸುಮ್ಮನೆ ನಾಚಿಕೆಗೆ ಅಂದದ್ದು. ಗಂಡ ಮಾತಾಡುತ್ತಾರೆಂದು ಅವರೂ ಎಣಿಸಿರಲಿಲ್ಲ.

ಪರ್ವತಯ್ಯ ಮೈಕನ್ನು ತಿರುಗಿಸಿ ನೋಡಿದರು. ಅದರ ಹಿಡಿಗೆ ಸುತ್ತಿದ್ದ ಹಳೆಯ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಉಗುರಿನಿಂದ ಎರಡು ಸಲ ತಟ್ಟಿ, ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಇಡೀ ಊರು ಮರೆತುಹೋಗಿದ್ದ ಆ ಧ್ವನಿಯಲ್ಲಿ ಹೇಳಿದರು: "ಮಹಾಜನಗಳೇ, ತಾಯಂದಿರೇ, ಪುರಜನರ ಗಮನಕ್ಕೆ. ನಾಳೆ ಬೆಳಗಿನ ಹೊತ್ತು ಮುಖ್ಯ ಕೊಳವೆಯ ದುರಸ್ತಿ ಇರುವ ಕಾರಣ, ನಲ್ಲಿಯಲ್ಲಿ ನೀರು ಬರುವುದಿಲ್ಲ, ದಯಮಾಡಿ ಇಂದೇ ತುಂಬಿಟ್ಟುಕೊಳ್ಳಬೇಕಾಗಿ ವಿನಂತಿ!"

ಒಂದೇ ಉಸಿರಿನಲ್ಲಿ. ಕಾಮಾಗಳ ಸಮೇತ.

ಸಭೆ ಬಿದ್ದು ಬಿದ್ದು ನಕ್ಕಿತು. ಶಿಳ್ಳೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ "ಎಮ್ಮೆ ಕಳೆದದ್ದು ಹೇಳಿ ಪರ್ವತಯ್ಯಾ!" ಎಂದು ಕೂಗಿದರು. ಚೆನ್ನಾಜಮ್ಮ ಮಾತ್ರ ನಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದರು.

"ರೀ, ಇನ್ನೊಂದ್ಸಲ ಹೇಳಿ" ಎಂದರು.

ಅವರು ಇನ್ನೊಂದು ಸಲ ಹೇಳಿದರು. ನಡುವೆ ಎಲ್ಲೂ ನಿಲ್ಲಲಿಲ್ಲ. ಕೊನೆಯ "ವಿನಂತಿ"ಯನ್ನು ಹಿಂದಿನಂತೆಯೇ ಎಳೆದು, ಮೇಲಕ್ಕೆ ಎತ್ತಿ ಬಿಟ್ಟರು.

ಚೆನ್ನಾಜಮ್ಮ ಸುತ್ತ ನೋಡಿದರು. ಎರಡೆರಡು ಗಾಜು, ಗರಿಯಾದ ಪರದೆ, ಸಾಲುಸಾಲು ಒಣಗಿದ ಮುಖಗಳು. ಅವರ ಗಂಡನ ಎದೆಯಲ್ಲಿ ಏನೂ ಕೆಟ್ಟಿರಲಿಲ್ಲ, ಕೆಟ್ಟದ್ದು ಮನೆ. ಅದು ಅವರಿಗೆ ತಿಳಿದದ್ದು ನನಗೆ ಕಂಡಿತು, ಏಕೆಂದರೆ ಮೆಂತ್ಯ ಸೊಪ್ಪಿನ ಜಗಳಕ್ಕೆ ಮುಂಚೆ ಮೂಗಿನ ಹೊಳ್ಳೆಗಳು ಹೇಗೆ ಅರಳುತ್ತವೆ ಎಂಬುದು ನಮ್ಮ ಓಣಿಗೆಲ್ಲ ಗೊತ್ತು. ಕೈಯಲ್ಲಿದ್ದ ಹಿತ್ತಾಳೆ ತಟ್ಟೆಯನ್ನು ಕುರ್ಚಿಯ ಮೇಲಿಟ್ಟರು. ಪೇಟ ತೆಗೆದು ತಟ್ಟೆಯೊಳಗಿಟ್ಟರು. ಗಂಡನ ಕೈಯಿಂದ ಮೈಕ್ ತೆಗೆದುಕೊಂಡು, ಅದನ್ನು ಬಾಯಿಗೆ ಒತ್ತಿ ಹಿಡಿದು, ಹುಟ್ಟಿದ ಮೇಲೆ ಮೊದಲನೆಯ ಸಲ ಕೂಗಿದರು.

"ಬಿಡ್ತಾ ಇದೀನಿ ಕಣ್ರೀ!"

ಹಾರನ್ ಆ ಮಾತನ್ನು ಕೆರೆಯ ಆಚೆಯ ದಡದವರೆಗೆ ಒಯ್ದಿತು. ಸಭೆಯಲ್ಲಿ ಯಾರ ಬಾಯಲ್ಲೂ ಬ್ರಷ್ ಇರಲಿಲ್ಲ.

"ಬರ್ಲಿ ಬಿಡಿ!" ಎಂದಿತು ಸಭೆ. ಮುಂದಿನ ಸಾಲಿನವರು, ಹಿಂದಿನ ಸಾಲಿನವರು, ಕಾರಿನ ಡ್ರೈವರ್, ಅಡುಗೆಯವರು, ಹೊರಗೆ ಚಪ್ಪಲಿ ಕಾಯುತ್ತಿದ್ದವನು. ನಾನು. ಸರ್ವಮಂಗಳ. ಎಲ್ಲರಿಗಿಂತ ಸ್ಪಷ್ಟವಾಗಿ, ಪಕ್ಕದಿಂದ ಅದೇ ಮೈಕಿಗೆ ಬಾಗಿ, ಸಂಘದ ಅಧ್ಯಕ್ಷ ಚಂದ್ರಮೌಳಿ. ಕೈಮುಗಿದು, ಅಭ್ಯಾಸದ ನಗೆ ನಕ್ಕು, "ಬರ್ಲಿ ಬಿಡಿ ಅಮ್ಮ" ಎಂದ. ಅವನ ತಾಯಿ ಅವನಿಗೆ ಅಷ್ಟನ್ನಾದರೂ ಚೆನ್ನಾಗಿ ಕಲಿಸಿದ್ದರು.

ಅಂದಾದ ಮೇಲೆ ಅವನ ಮುಖ ಬಿಳಿಚಿತು. "ಇಲ್ಲ ಇಲ್ಲ, ಇದು ಸಭೆ. ಸಭೇಲಿ ಆಡಿದ್ದು ಲೆಕ್ಕಕ್ಕಿಲ್ಲ" ಎಂದ.

"ಹಿಟ್ಟಿನ ಗಿರಣೀಲಿ ಆಡಿದ್ದೇ ಲೆಕ್ಕಕ್ಕೆ ಬಂದಿತ್ತಪ್ಪ" ಎಂದಳು ಸರ್ವಮಂಗಳ, ಹಿಂದಿನ ಸಾಲಿನಿಂದ.

ವಂದನಾರ್ಪಣೆಯನ್ನು ಯಾರೂ ಕೇಳಲಿಲ್ಲ. ಊಟಕ್ಕೆ ಕೂತೆವು, ಮಾಡಿದ ಅಡುಗೆ, ಬಿಟ್ಟು ಹೋಗುವುದು ಹೇಗೆ. ಪಂಕ್ತಿಯಲ್ಲಿ ಒಂದು ಪಿಸುಮಾತೂ ಇಲ್ಲ. ತೇವವೆಲ್ಲ ಮನೆಗಳಿಗೆ ಹೋಗಿತ್ತು, ಭವನ ಮಾತ್ರ ಒಣಗಿಯೇ ಇತ್ತು. ಹಪ್ಪಳ ಬಡಿಸಿದರು. ಒಬ್ಬರು ಮುರಿದರು, ಪಟ್ಟೆಂದಿತು. ಇನ್ನೊಬ್ಬರು ಮುರಿದರು. ಆ ಮೌನದಲ್ಲಿ ನೂರಾರು ಹಪ್ಪಳ ಸಿಡಿದವು, ಒಂದೊಂದಕ್ಕೂ ಮುಂದಿನ ಸಾಲಿನವರ ತಲೆ ಒಂದಿಷ್ಟು ಬಾಗುತ್ತ ಹೋಯಿತು. ಬಡಾವಣೆಯವರು ಹಪ್ಪಳದ ಸದ್ದಿಗೆ ತಲೆ ತಗ್ಗಿಸಿದ್ದನ್ನು ಅವರ ಸಂಘ ಹುಟ್ಟಿದಂದಿನಿಂದ ನಾನು ಕಂಡಿರಲಿಲ್ಲ. ನಾನು ಎರಡು ಹಾಕಿಸಿಕೊಂಡೆ.

ಕಾರಿನಲ್ಲಿ ಮನೆಗೆ ಬರುವಾಗ ಚೆನ್ನಾಜಮ್ಮ ಅಳುತ್ತಿದ್ದರು. "ಒಬ್ಬೊಬ್ಬರ ಮನೇಗೂ ಕಳಿಸ್ಬಿಟ್ನಲ್ಲ ಮೇಷ್ಟ್ರೇ. ಬಾಣಂತಿ ಯಾರಾದ್ರೂ ಓಗೊಟ್ರೋ ಏನೋ. ಜನ ಏನಂತಾರೆ?"

"ಊರಿಗೆಲ್ಲ ಹಂಚಿದ್ರೆ ಮನೆಗೊಂದು ಬಟ್ಟಲು ಕಣಮ್ಮ" ಎಂದೆ.

ಪರ್ವತಯ್ಯ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಇವಳಿಗೆ ಮೈಕ್ ಹಿಡಿಯೋಕೆ ಬರಲ್ಲ ಮೇಷ್ಟ್ರೇ. ಬಾಯಿಗೆ ಒತ್ತಿ ಹಿಡಿದಿದ್ಲು" ಎಂದರು.

ಅವರ ಮನೆಯ ಗೋಡೆ ಅಂದೇ ಮಧ್ಯಾಹ್ನಕ್ಕೆ ಬೆಳ್ಳಗಾಗತೊಡಗಿತ್ತು. ಉಪ್ಪಿನ ಬಟ್ಟಲಿನ ನೀರು ಬತ್ತಿ, ತಳದಲ್ಲಿ ಹರಳು ಕಂಡಿತ್ತು. ಆ ಸಂಜೆ ಪರ್ವತಯ್ಯ ಮಂಚದ ಮೇಲೆ ಮಲಗಿದರು; ಮಲಗಿದರು ಎಂಬುದನ್ನು ಚೆನ್ನಾಜಮ್ಮ ಬಾಗಿಲಲ್ಲಿ ನಿಂತು ಓಣಿಗೆಲ್ಲ ಹೇಳಿದರು.

ಮಾರನೆಯ ಬೆಳಿಗ್ಗೆ ಊರಿನ ಒಂದು ಮನೆಯೂ ತಪ್ಪದೆ ಕಿಟಕಿಗಳ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಓಣಿಯವರೆಲ್ಲ ಕೆಲಸಕ್ಕೆ ಇಳಿದರು. ತಾರಸಿಗಳ ಮೇಲೆ ಬಟ್ಟೆಗಳು ಕಾಣಿಸಿಕೊಂಡವು. ನಾನೂ ಸರ್ವಮಂಗಳಳೂ ಪುಸ್ತಕದ ಕಪಾಟನ್ನು ಗೋಡೆಯಿಂದ ಗೇಣು ದೂರ ಎಳೆಯುತ್ತಿದ್ದೆವು. ಆಗ ಭವನದ ಹಾರನ್ ಕರಕರ ಎಂದಿತು.

ಚಂದ್ರಮೌಳಿಯ ಧ್ವನಿ. ಬಡಾವಣೆಯ ಮನೆಗಳ ಗೋಡೆ ನೀರು ಕುಡಿಯುವುದಿಲ್ಲವಲ್ಲ. ಬಂದ ಪಾಲು ಒಳಗೆ ಇಂಗಲಾರದೆ, ಅಲ್ಲೇ ಹುಟ್ಟಿದ ಹಬೆಯ ಜೊತೆ ಸೇರಿ ನೆಲದ ಮೇಲೆ ಹರಿದಿತ್ತಂತೆ. ಮೂರು ಪದರ ಬಣ್ಣ ಚರ್ಮ ಸುಲಿದ ಹಾಗೆ ಏಳುತ್ತಿತ್ತಂತೆ. "ಸಂಘದ ವತಿಯಿಂದ..." ಎಂದು ಶುರುಮಾಡಿ, ತಡವರಿಸಿ, ಬರೀ "ಬಿಡ್ತಾ ಇದೀವಿ ಕಣ್ರೀ!" ಎಂದ.

ಸರ್ವಮಂಗಳ ಓಡಿಹೋಗಿ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡಳು. ನಾನು ಕೈಯಿಂದ ಬಾಯಿ ಒತ್ತಿ ಹಿಡಿದು ಕಿಟಕಿಗೆ ಬಂದೆ. ಎದುರುಮನೆಯವರು ಹಾಗೇ ನಿಂತಿದ್ದರು. ಎಲ್ಲರ ಕಣ್ಣೂ ಒಂದೇ ಕಿಟಕಿಯ ಮೇಲೆ. ಅದು ತೆರೆಯಿತು. ಚೆನ್ನಾಜಮ್ಮ ಮುಖ ಹೊರಗೆ ಹಾಕಿದರು. ಇಷ್ಟು ವರ್ಷದ ಅಭ್ಯಾಸ, ತುಟಿ ಆಗಲೇ ಮುಚ್ಚಿ ತೆರೆಯುತ್ತಿತ್ತು. "ಬ" ಎಂದಿದ್ದರು.

ಹಿಂದಿನಿಂದ ಒಂದು ಕೈ ಬಂದು ಆ ಬಾಯನ್ನು ಮೃದುವಾಗಿ ಮುಚ್ಚಿತು. ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ಪರ್ವತಯ್ಯ ಕಿಟಕಿಯ ಸರಳು ಹಿಡಿದು ನಿಂತರು. ಮೈಕಿಲ್ಲ, ಹಾರನ್ನಿಲ್ಲ. ಒಮ್ಮೆ ಎದೆತುಂಬ ಉಸಿರು ಎಳೆದುಕೊಂಡರು, ಎಲ್ಲಿಯೂ ತೊಡರಲಿಲ್ಲ.

"ಪುರಜನರ ಗಮನಕ್ಕೆ! ಮೇಲಿನ ಬಡಾವಣೆಯ ಮಾನ್ಯರೆಲ್ಲರೂ, ತಮ್ಮ ತಮ್ಮ ಪಾತ್ರೆಗಳಿಗೆ ಮುಚ್ಚಳ ಹಾಕಿ, ಕಿಟಕಿಗಳನ್ನು ತೆರೆದು, ತಮ್ಮ ತಮ್ಮ ಪಾಲಿನ ತೇವವನ್ನು..." ಇಲ್ಲಿ ಒಂದು ಕಾಮಾದಷ್ಟು ನಿಂತು, ಕೊನೆಯ ಪದವನ್ನು ಎಳೆದು, ಮೇಲಕ್ಕೆ ಎತ್ತಿ ಬಿಟ್ಟರು: "ಇಟ್ಕೊಳ್ಳೀ!"

ನಮ್ಮೂರಿನಲ್ಲಿ ಕೂಗಿಗೆ ಇಂಥ ಉತ್ತರವೂ ಇದೆ ಎಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಹಾರನ್ ಕರಕರ ಎಂದು ಸುಮ್ಮನಾಯಿತು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಬಡಾವಣೆಯ ಕಡೆಯಿಂದ, ವರ್ಷಗಟ್ಟಲೆ ತೆರೆಯದ ಕಿಟಕಿಗಳ ರೆಕ್ಕೆಗಳನ್ನು ಒಂದೊಂದಾಗಿ ಜಗ್ಗುವ ಕಿರ್ರೆಂಬ ಸದ್ದು ಕೇಳಿಸತೊಡಗಿತು.

"ಹಂಗೆಲ್ಲ ಅಂತಾರೇನ್ರೀ ಯಾರಾದ್ರೂ?" ಎಂದು ಚೆನ್ನಾಜಮ್ಮ ಗಂಡನನ್ನು ಬೈಯುತ್ತ ಒಳಗೆ ಹೋದರು. "ಚೆನ್ನಾಜಿ ಮನೆಯೋರು ಹಿಂಗಂದ್ರು ಅಂತ ಊರೆಲ್ಲ ಆಡ್ಕೊಳ್ಳಲ್ವಾ?" ಬೈಗುಳ ಅಡುಗೆಮನೆಯವರೆಗೂ ಹೋಯಿತು. ಅಲ್ಲಿ ಅನ್ನದ ಪಾತ್ರೆಯ ಮೇಲೆ ಸಹನಾಶಿರೋಮಣಿ ಎಂದು ಕೆತ್ತಿದ್ದ ಹಿತ್ತಾಳೆ ತಟ್ಟೆಯನ್ನು ಮುಚ್ಚಿದ ಸದ್ದು, ಸಂದಿಲ್ಲದೆ ಕೂತಂತೆ ಗಟ್ಟಿಯಾಗಿ, ನಡುಗೋಡೆಯ ಈಚೆಗೆ ಕೇಳಿಸಿತು.